ಹನೋಯ್ ಗದ್ದಲದಲ್ಲಿ ಗಂಡ-ಹೆಂಡತಿ: ಕೋಣೆ ಆರಿಸುವುದರಿಂದ ರಸ್ತೆ ದಾಟುವವರೆಗೆ ಸಮಗ್ರ ಮಾರ್ಗದರ್ಶಿ

ಹನೋಯ್‌ಗೆ ಹೋಗಿಬಂದ ಗಂಡ-ಹೆಂಡತಿಯನ್ನು ಊರು ಹೇಗಿತ್ತು ಎಂದು ಕೇಳಿ ನೋಡಿ. ಒಬ್ಬರು "ಎಂಥ ಕಳೆ!" ಎನ್ನುತ್ತಾರೆ, ಇನ್ನೊಬ್ಬರು "ಎಂಥ ಗಲಾಟೆ!" ಎನ್ನುತ್ತಾರೆ. ನಮ್ಮ ಮನೆಯಲ್ಲಿ ಗಲಾಟೆ ಎನ್ನುವವಳು ನಾನು. ನಮ್ಮವರಿಗೆ ಹಾರ್ನ್ ಸದ್ದು ಕಿವಿಗೆ ಬಿದ್ದಷ್ಟೂ ಹುರುಪು. ಬಸ್ ನಿಲ್ದಾಣದ ಬೆಂಚಿನ ಮೇಲೂ ಗೊರಕೆ ಹೊಡೆಯಬಲ್ಲವರು. ಇಂಥ ಇಬ್ಬರು ಒಂದೇ ಕೋಣೆಯಲ್ಲಿ ಉಳಿದು, ಒಂದೇ ನಕ್ಷೆ ಹಿಡಿದು ಆ ಊರು ಸುತ್ತಿ ಬರುವುದು ಸಾಧ್ಯ. ಆದರೆ ಅದಕ್ಕೆ ಒಂದಿಷ್ಟು ಪೂರ್ವಸಿದ್ಧತೆ ಬೇಕು.

ಹನೋಯ್‌ನ ಸದ್ದಿಗೆ ವೇಳಾಪಟ್ಟಿ ಇದೆ, ವಿಳಾಸವೂ ಇದೆ. ಯಾವ ಬೀದಿ ಎಷ್ಟು ಹೊತ್ತಿಗೆ ಕೂಗುತ್ತದೆ, ಯಾವಾಗ ಸುಮ್ಮನಾಗುತ್ತದೆ ಎಂಬುದು ಗೊತ್ತಿದ್ದರೆ ಇಬ್ಬರೂ ಸೇರಿ ಎಲ್ಲಿಗೆ ಹೋಗಬೇಕು, ಯಾವಾಗ ಹಿಂತಿರುಗಬೇಕು, ಯಾವ ಎರಡು ಗಂಟೆ ಬೇರೆ ಬೇರೆ ಇರಬೇಕು ಎಂಬುದನ್ನು ಮೊದಲೇ ತೀರ್ಮಾನಿಸಬಹುದು. ಈ ಬರಹ ಅದಕ್ಕಾಗಿ.

ಹೆಜ್ಜೆ 1: ಕಾಲ ಮತ್ತು ಕಾಗದಪತ್ರ

ಹನೋಯ್ ಉತ್ತರ ವಿಯೆಟ್ನಾಂನಲ್ಲಿದೆ. ದಕ್ಷಿಣದ ಹೋ ಚಿ ಮಿನ್ಹ್ ನಗರದಂತೆ ವರ್ಷವಿಡೀ ಸೆಕೆಯ ಊರಲ್ಲ. ಇಲ್ಲಿ ಚಳಿಗಾಲವೂ ಉಂಟು. ನಡೆದಾಡಲು ಅಕ್ಟೋಬರ್, ನವೆಂಬರ್ ತಿಂಗಳುಗಳೇ ಹಿತ. ಜೂನ್‌ನಿಂದ ಆಗಸ್ಟ್‌ವರೆಗೆ ಬಿಸಿಲು, ಮಳೆ ಎರಡೂ ಜೋರು. ಫೆಬ್ರವರಿ, ಮಾರ್ಚ್‌ನಲ್ಲಿ ಬಟ್ಟೆ ಒಣಗಲು ಬಿಡದ ಜಿನುಗು ಮಳೆ. ಜನವರಿ ಕೊನೆಯಿಂದ ಫೆಬ್ರವರಿ ನಡುವೆ ಬೀಳುವ ಅವರ ಹೊಸವರ್ಷ 'ತೇತ್' ಹಬ್ಬಕ್ಕೆ ಜನ ತಮ್ಮ ತಮ್ಮ ಹಳ್ಳಿಗಳಿಗೆ ಹೋಗುವುದರಿಂದ ಊರು ಖಾಲಿಯಾಗುತ್ತದೆ. ಸದ್ದಿಲ್ಲದ ಹನೋಯ್ ಬೇಕು ಎನ್ನುವವರಿಗೆ ಅದೇ ಸಮಯ, ಆದರೆ ಆಗ ಊಟಕ್ಕೆ ಅಂಗಡಿ ಹುಡುಕಿಕೊಂಡು ಅಲೆಯಬೇಕಾಗುತ್ತದೆ.

ಭಾರತೀಯರಿಗೆ ಇ-ವೀಸಾ ಸಿಗುತ್ತದೆ. 2023ರ ಆಗಸ್ಟ್ 15ರಿಂದ ಅದರ ಅವಧಿಯನ್ನು 90 ದಿನಗಳವರೆಗೆ ವಿಸ್ತರಿಸಲಾಗಿದೆ. ಒಂದು ಸಲದ ಪ್ರವೇಶಕ್ಕೆ 25 ಡಾಲರ್, ಹಲವು ಸಲದ ಪ್ರವೇಶಕ್ಕೆ 50 ಡಾಲರ್. ಸರ್ಕಾರದ ಅಧಿಕೃತ ತಾಣದಲ್ಲೇ ಅರ್ಜಿ ಹಾಕಿ. ನೋಡಲು ಅದರಂತೆಯೇ ಇರುವ ದಲ್ಲಾಳಿ ತಾಣಗಳು ಹೆಚ್ಚು ಹಣ ಕೀಳುತ್ತವೆ. ಗಂಡನಿಗೊಂದು, ಹೆಂಡತಿಗೊಂದು ಪ್ರತ್ಯೇಕ ಅರ್ಜಿ ಬೇಕು. ನಮ್ಮ ಕಡೆಯವರಿಗೆ ತೊಡಕಾಗುವುದು ಹೆಸರಿನ ಕಲಮಿನಲ್ಲಿ. ಇನಿಷಿಯಲ್ ಬಿಡಿಸಿ ಬರೆದಿರುವುದು, ಉಪನಾಮದ ಜಾಗ ಖಾಲಿ ಇರುವುದು, ಅಪ್ಪನ ಹೆಸರು ಒಂದು ಕಡೆ ಮತ್ತು ಗಂಡನ ಹೆಸರು ಇನ್ನೊಂದು ಕಡೆ ಇರುವುದು ಸಾಮಾನ್ಯ. ಪಾಸ್‌ಪೋರ್ಟಿನ ಕೆಳಭಾಗದಲ್ಲಿ ಯಂತ್ರ ಓದುವ ಎರಡು ಸಾಲುಗಳಿವೆಯಲ್ಲ, ಅಲ್ಲಿ ಹೆಸರು ಹೇಗಿದೆಯೋ ಹಾಗೆಯೇ ತುಂಬಿ.

ಹೆಜ್ಜೆ 2: ಕೋಣೆ ಆರಿಸುವುದು

ಪ್ರವಾಸದ ಅರ್ಧ ನೆಮ್ಮದಿ ಇಲ್ಲೇ ತೀರ್ಮಾನವಾಗುತ್ತದೆ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಬಹುಪಾಲು ಪ್ರವಾಸಿಗರು ಉಳಿಯುವುದು ಊರ ನಡುವಿನ ಹೋನ್ ಕಿಯೆಮ್ ಸರೋವರದ ಉತ್ತರಕ್ಕಿರುವ ಹಳೆಪೇಟೆಯಲ್ಲಿ. ಇದನ್ನು 'ಮೂವತ್ತಾರು ಬೀದಿ' ಎಂದು ಕರೆಯುವ ವಾಡಿಕೆ. ಒಂದೊಂದು ಬೀದಿಗೂ ಅಲ್ಲಿ ಮಾರುತ್ತಿದ್ದ ಸರಕಿನ ಹೆಸರು: ಹಾಂಗ್ ಬಾಕ್ ಬೆಳ್ಳಿಯದು, ಹಾಂಗ್ ಗಾಯ್ ಮೊದಲು ಸೆಣಬಿನದು, ಈಗ ರೇಷ್ಮೆಯದು, ಹಾಂಗ್ ಮಾ ಪೂಜೆಗೆ ಸುಡುವ ಬಣ್ಣದ ಕಾಗದದ್ದು. ಬೆಂಗಳೂರಿನ ಅಕ್ಕಿಪೇಟೆ, ಬಳೇಪೇಟೆ, ಅರಳೆಪೇಟೆಗಳನ್ನು ಬಲ್ಲವರಿಗೆ ಊರಿನ ಈ ವಿನ್ಯಾಸವನ್ನು ವಿವರಿಸಬೇಕಿಲ್ಲ.

ಇಲ್ಲಿನ ಕಟ್ಟಡಗಳು ಮುಂಭಾಗದಲ್ಲಿ ಮೂರು-ನಾಲ್ಕು ಮೀಟರ್ ಅಗಲ, ಹಿಂದಕ್ಕೆ ಮಾತ್ರ ಉದ್ದೋಉದ್ದ. ಕೊಳವೆ ಮನೆ ಎಂದೇ ಅವುಗಳಿಗೆ ಹೆಸರು. ಹೋಟೆಲುಗಳೂ ಇದೇ ಅಚ್ಚಿನವು. ಹಾಗಾಗಿ ಒಂದೊಂದು ಅಂತಸ್ತಿನಲ್ಲಿ ಎರಡು ಬಗೆಯ ಕೋಣೆಗಳಿರುತ್ತವೆ. ಬೀದಿಯ ಕಡೆಗೆ ಬಾಲ್ಕನಿ ಇರುವುದು ದುಬಾರಿ. ಚಿತ್ರದಲ್ಲಿ ಚೆಂದ ಕಾಣುತ್ತದೆ, ರಾತ್ರಿ ಒಂದು ಗಂಟೆಯವರೆಗೆ ಬೀದಿಯೆಲ್ಲ ಹಾಸಿಗೆಯ ಮೇಲೇ ಇರುತ್ತದೆ. ಒಳಗಿನದು ಅಗ್ಗ, ಸದ್ದಿಲ್ಲ, ಆದರೆ ಕಿಟಕಿಯೂ ಇಲ್ಲ. ಕೆಲವೆಡೆ ಕಿಟಕಿ ಇದೆ ಎಂದು ಹೇಳುತ್ತಾರೆ, ಪರದೆ ಸರಿಸಿದರೆ ಎದುರಿಗೆ ಪಕ್ಕದ ಗೋಡೆ.

ಮೂರನೆಯದೊಂದಿದೆ. ಮೇಲಿನ ಅಂತಸ್ತಿನಲ್ಲಿ, ಹಿಂಬದಿಯಲ್ಲಿ, ಅಕ್ಕಪಕ್ಕದ ಮನೆಗಳ ತಗಡಿನ ಮಾಡುಗಳಿಗೆ ಮುಖ ಮಾಡಿರುವ ಕೋಣೆ. ಗಾಳಿ ಬೆಳಕು ಇರುತ್ತದೆ, ಸದ್ದು ತೀರಾ ಕಡಿಮೆ. ಜಾಹೀರಾತಿನಲ್ಲಿ ಇದನ್ನು ಯಾರೂ ಎತ್ತಿ ಹೇಳುವುದಿಲ್ಲ. ಕಾಯ್ದಿರಿಸುವ ಮೊದಲು ಸಂದೇಶ ಕಳಿಸಿ ಕೇಳಬೇಕು. ಕೇಳುವಾಗ ಇವಿಷ್ಟನ್ನೂ ಸೇರಿಸಿ: ಕೋಣೆ ಎಷ್ಟನೇ ಅಂತಸ್ತಿನಲ್ಲಿದೆ, ಕಿಟಕಿ ಯಾವ ಕಡೆ ತೆರೆಯುತ್ತದೆ, ಅಕ್ಕಪಕ್ಕದಲ್ಲಿ ಕಟ್ಟಡ ಕೆಲಸ ನಡೆಯುತ್ತಿದೆಯೇ, ಕೆಳಗೆ ಅಥವಾ ಎದುರಿಗೆ ಬಾರ್, ಕರೋಕೆ ಇದೆಯೇ. ಉತ್ತರವನ್ನು ಬರಹದಲ್ಲೇ ಪಡೆಯಿರಿ. ಬೇರೆ ಕೋಣೆ ಕೇಳುವ ಪ್ರಸಂಗ ಬಂದರೆ ಅದೇ ಆಧಾರ.

ಬೀದಿಯ ವಿಷಯದಲ್ಲಿ ನನ್ನ ಖಚಿತ ಅಭಿಪ್ರಾಯ: ತಾ ಹಿಯೆನ್ ಮತ್ತು ಲುವಾಂಗ್ ನ್ಗೋಕ್ ಕ್ವಿಯೆನ್ ಬೀದಿಗಳು ಸೇರುವ ಮೂಲೆಯ ಆಸುಪಾಸಿನಲ್ಲಿ ಕೋಣೆ ಹಿಡಿಯಬೇಡಿ. ಅದು 'ಬಿಯಾ ಹೋಯ್' ಎಂಬ ತಾಜಾ ಬಿಯರಿನ ಅಡ್ಡೆ. ಸಂಜೆ ಅಲ್ಲಿಗೆ ನಡೆದು ಹೋಗಿ, ಮಲಗಲು ಬೇರೆಡೆಗೆ ಬನ್ನಿ. ಸೇಂಟ್ ಜೋಸೆಫ್ ಇಗರ್ಜಿಯ ಸುತ್ತಲಿನ ಗಲ್ಲಿಗಳು, ಸರೋವರದ ದಕ್ಷಿಣಕ್ಕಿರುವ ಫ್ರೆಂಚರ ಕಾಲದ ಬಡಾವಣೆ, ಚುಕ್ ಬಾಕ್ ಕೆರೆಯ ಸುತ್ತು ಇವೆಲ್ಲ ಎಷ್ಟೋ ವಾಸಿ. ಇನ್ನೂ ಶಾಂತಿ ಬೇಕೆಂದು ಪಶ್ಚಿಮ ಸರೋವರದ ಕಡೆ ಹೋದರೆ ದಿನವೂ ಟ್ಯಾಕ್ಸಿ ಹಿಡಿಯಬೇಕು. ಮೊದಲ ಸಲ ಹೋಗುವವರಿಗೆ ಅದು ಬೇಡ.

ನಮ್ಮವರಿಗೆ ಬಾಲ್ಕನಿಯೇ ಬೇಕಿತ್ತು. ನಾವು ಮಾಡಿಕೊಂಡ ಒಪ್ಪಂದ ಹೀಗಿತ್ತು: ಮಲಗಲು ಹಿಂಬದಿಯ ಕೋಣೆ, ಬೀದಿ ನೋಡಲು ಕಾಫಿ ಅಂಗಡಿಯ ಮೇಲ್ಮಹಡಿ. ಹಳೆಪೇಟೆಯಲ್ಲಿ ಎರಡನೇ, ಮೂರನೇ ಅಂತಸ್ತಿನ ಬಾಲ್ಕನಿಯಲ್ಲಿ ಕಾಫಿ ಕೊಡುವ ಅಂಗಡಿಗಳಿಗೆ ಬರವಿಲ್ಲ. ಒಂದು ಲೋಟದ ದುಡ್ಡಿಗೆ ಇಡೀ ಮಧ್ಯಾಹ್ನ ಕೂರಬಹುದು, ಯಾರೂ ಏಳಿ ಎನ್ನುವುದಿಲ್ಲ.

ಇಯರ್‌ಪ್ಲಗ್ಗನ್ನು ಊರಿನಿಂದಲೇ ಒಯ್ಯಿರಿ. ಪಕ್ಕಕ್ಕೆ ತಿರುಗಿ ಮಲಗುವವರಿಗೆ ಮೆದುವಾದ ಸ್ಪಂಜಿನದು ಅಥವಾ ಮೇಣದ್ದು ಒಳ್ಳೆಯದು. ಅದನ್ನು ಹಾಕಿಕೊಂಡವರು ಅಲಾರಾಂ ಕೇಳಿಸಿಕೊಳ್ಳುವುದಿಲ್ಲವಾದ್ದರಿಂದ ಎಬ್ಬಿಸುವ ಹೊಣೆ ಇನ್ನೊಬ್ಬರದು.

ಹೆಜ್ಜೆ 3: ವಿಮಾನ ನಿಲ್ದಾಣದಿಂದ ಊರೊಳಗೆ

ನೋಯ್ ಬಾಯ್ ವಿಮಾನ ನಿಲ್ದಾಣ ಊರಿನಿಂದ ಸುಮಾರು 30 ಕಿಲೋಮೀಟರ್ ಉತ್ತರಕ್ಕಿದೆ. ಗಡಿಯಾರವನ್ನು ಒಂದೂವರೆ ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳಿ. ಇಬ್ಬರ ಫೋನಿಗೂ ಪ್ರತ್ಯೇಕ ಸಿಮ್ ಅಥವಾ ಇ-ಸಿಮ್ ಇರಲಿ. ಒಬ್ಬರ ಹಾಟ್‌ಸ್ಪಾಟಿಗೆ ಇನ್ನೊಬ್ಬರು ಜೋತುಬೀಳುವ ಉಳಿತಾಯ ಈ ಊರಿನಲ್ಲಿ ದುಬಾರಿಯಾಗುತ್ತದೆ. ಏಕೆ ಎಂಬುದು ಆರನೇ ಹೆಜ್ಜೆಯಲ್ಲಿ ತಿಳಿಯುತ್ತದೆ. 86ನೇ ಸಂಖ್ಯೆಯ ಕಿತ್ತಳೆ ಬಣ್ಣದ ಬಸ್ಸು ಹಳೆಪೇಟೆಯ ಅಂಚಿನ ಮೂಲಕ ರೈಲು ನಿಲ್ದಾಣಕ್ಕೆ ಹೋಗುತ್ತದೆ. ಸಾಮಾನು ಹೆಚ್ಚಿದ್ದರೆ ಗ್ರ್ಯಾಬ್ ಆ್ಯಪ್‌ನಲ್ಲಿ ಕಾರು ಕರೆಸಿ.

ಬರುವ ದಿನವನ್ನು ಆರಿಸುವಾಗ ಒಂದು ಎಚ್ಚರ. ಶುಕ್ರವಾರ ಸಂಜೆ ಏಳರಿಂದ ಭಾನುವಾರ ಮಧ್ಯರಾತ್ರಿಯವರೆಗೆ ಹೋನ್ ಕಿಯೆಮ್ ಸರೋವರದ ಸುತ್ತಲಿನ ಬೀದಿಗಳಲ್ಲಿ ವಾಹನಗಳಿಗೆ ಪ್ರವೇಶವಿಲ್ಲ. 2016ರಿಂದ ಜಾರಿಯಲ್ಲಿರುವ ವ್ಯವಸ್ಥೆ ಇದು. ಆ ಹೊತ್ತಿನಲ್ಲಿ ಬಂದಿಳಿದರೆ ಟ್ಯಾಕ್ಸಿಯವರು ತಡೆಗೋಡೆಯ ಬಳಿ ಇಳಿಸಿ ಹೊರಟುಬಿಡುತ್ತಾರೆ. ಅಲ್ಲಿಂದ ಮುಂದಕ್ಕೆ ಜನಜಂಗುಳಿಯ ನಡುವೆ ಸೂಟ್‌ಕೇಸ್ ಉರುಳಿಸಿಕೊಂಡು ನಡೆಯಬೇಕು. ಭಾನುವಾರ ಮಧ್ಯರಾತ್ರಿ ಕಳೆದ ಮೇಲೆ ಅಥವಾ ವಾರದ ನಡುವೆ ಬಂದರೆ ಒಳಿತು.

ಹೆಜ್ಜೆ 4: ಹಣ ಒಬ್ಬರ ಕೈಯಲ್ಲಿ, ನಕ್ಷೆ ಇನ್ನೊಬ್ಬರ ಕೈಯಲ್ಲಿ

ಗದ್ದಲದಲ್ಲಿ ಇಬ್ಬರೂ ಎಲ್ಲವನ್ನೂ ಮಾಡಲು ಹೊರಟರೆ ಜಗಳ ಖಚಿತ. ಅರ್ಧ ವಾಕ್ಯ ಹಾರ್ನಿನಲ್ಲಿ ಮುಳುಗಿ, ಉಳಿದರ್ಧ ತಪ್ಪಾಗಿ ಕೇಳಿಸುತ್ತದೆ. ಬೆಳಿಗ್ಗೆಯೇ ಕೆಲಸ ಹಂಚಿಕೊಳ್ಳಿ. ದಾರಿ ತೋರಿಸುವವರು ಚೌಕಾಸಿಗೆ ಬಾಯಿ ಹಾಕಬಾರದು, ದುಡ್ಡು ಕೊಡುವವರು ದಾರಿಯ ಬಗ್ಗೆ ಅಭಿಪ್ರಾಯ ಹೇಳಬಾರದು. ಮಾರನೇ ದಿನ ಪಾತ್ರ ಬದಲಾಯಿಸಿ.

ಹಣ ಹಿಡಿಯುವವರಿಗೆ ಮುಖ್ಯವಾದ ಮಾತು: ವಿಯೆಟ್ನಾಂ ಡಾಂಗ್ ನೋಟುಗಳಲ್ಲಿ ಸೊನ್ನೆಗಳದೇ ದರ್ಬಾರು, ಎಲ್ಲದರ ಮೇಲೂ ಹೋ ಚಿ ಮಿನ್ಹ್ ಅವರದೇ ಮುಖ. 20 ಸಾವಿರದ ನೋಟು ನೀಲಿ, 5 ಲಕ್ಷದ ನೋಟೂ ಹಸಿರು ಬೆರೆತ ನೀಲಿ. ಬೀದಿ ದೀಪದ ಬೆಳಕಿನಲ್ಲಿ ಎರಡಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ, ಬೆಲೆಯಲ್ಲಿ ಮಾತ್ರ ಇಪ್ಪತ್ತೈದು ಪಟ್ಟು ಅಂತರ. 5 ಲಕ್ಷದ ನೋಟುಗಳು ಬೇರೆ ಜೇಬಿನಲ್ಲಿರಲಿ, ಕೈಗೆ ಸಿಗುವ ಪರ್ಸಿನಲ್ಲಿ ಚಿಲ್ಲರೆ ಮಾತ್ರ. ರೂಪಾಯಿಗೆ 300ಕ್ಕಿಂತ ತುಸು ಕಡಿಮೆ ಡಾಂಗ್ ಎಂದಿಟ್ಟುಕೊಂಡರೆ ಮನಸ್ಸಿನ ಲೆಕ್ಕ ಸುಲಭ: ಕೊನೆಯ ಮೂರು ಸೊನ್ನೆ ತೆಗೆದು ಮೂರೂವರೆಯಿಂದ ಗುಣಿಸಿ. ಬೆಲೆಪಟ್ಟಿಯಲ್ಲಿ 50 ಎಂದಷ್ಟೇ ಇದ್ದರೆ ಅದು 50 ಸಾವಿರ, ಅಂದರೆ ನಮ್ಮ 175 ರೂಪಾಯಿಯ ಆಸುಪಾಸು.

ಹೆಜ್ಜೆ 5: ರಸ್ತೆ ದಾಟುವುದು

ವಿಯೆಟ್ನಾಂನಲ್ಲಿ ವಾಹನಗಳು ರಸ್ತೆಯ ಬಲಗಡೆ ಓಡುತ್ತವೆ. ನಮಗೆ ಚಿಕ್ಕಂದಿನಿಂದ ಮೊದಲು ಬಲಕ್ಕೆ ನೋಡಿ ಅಭ್ಯಾಸ. ಅಲ್ಲಿ ಮೊದಲು ಬರುವುದು ಎಡದಿಂದ. ಏಕಮುಖ ಬೀದಿಗಳಲ್ಲಿ ಎದುರಿನಿಂದ ನುಗ್ಗುವ ಬೈಕುಗಳೂ ಇರುವುದರಿಂದ ಎಡಕ್ಕೆ ನೋಡಿ, ಆಮೇಲೆ ಬಲಕ್ಕೂ ನೋಡಿ.

ಬೈಕುಗಳ ಪ್ರವಾಹ ನಿಲ್ಲಲಿ ಎಂದು ಕಾದರೆ ಮಧ್ಯಾಹ್ನವಾಗುತ್ತದೆ. ದಾಟುವ ಕ್ರಮ ಹೀಗೆ. ಕಾರು, ಬಸ್ಸು ಇಲ್ಲದ ಒಂದು ಕ್ಷಣ ನೋಡಿಕೊಳ್ಳಿ. ಬೈಕುಗಳು ನಿಮ್ಮನ್ನು ಬಳಸಿಕೊಂಡು ಹೋಗುತ್ತವೆ, ಬಸ್ಸು ಬಳಸುವುದಿಲ್ಲ. ಕೈಯನ್ನು ಸೊಂಟದ ಎತ್ತರಕ್ಕೆ ಚಾಚಿ ರಸ್ತೆಗಿಳಿಯಿರಿ. ನಿಧಾನವಾಗಿ, ಒಂದೇ ವೇಗದಲ್ಲಿ ನಡೆಯಿರಿ. ಓಡಬೇಡಿ, ಹಠಾತ್ತನೆ ನಿಲ್ಲಬೇಡಿ, ಒಂದು ಹೆಜ್ಜೆಯೂ ಹಿಂದಿಡಬೇಡಿ. ಹತ್ತಾರು ಸವಾರರು ನಿಮ್ಮ ಮುಂದಿನ ಹೆಜ್ಜೆ ಎಲ್ಲಿ ಬೀಳುತ್ತದೆ ಎಂದು ಅಂದಾಜಿಸಿ ಆಗಲೇ ಹ್ಯಾಂಡಲ್ ತಿರುಗಿಸಿರುತ್ತಾರೆ. ನೀವು ಹಿಂದೆ ಸರಿದರೆ ಆ ಲೆಕ್ಕವೆಲ್ಲ ತಲೆಕೆಳಗು.

ಇಬ್ಬರು ದಾಟುವಾಗ ಒಂದು ವಿಶೇಷ ಎಚ್ಚರ ಬೇಕು. ಒಬ್ಬರ ಹಿಂದೆ ಒಬ್ಬರು ಹೋದರೆ ಬೈಕಿನವರು ಎರಡು ಸಲ ಬಳಸಬೇಕು, ನಡುವೆ ನುಸುಳಲೂ ನೋಡುತ್ತಾರೆ. ಭುಜಕ್ಕೆ ಭುಜ ಕೊಟ್ಟು ಒಟ್ಟಿಗೆ ಹೆಜ್ಜೆ ಇಡಿ. ಧೈರ್ಯವಿರುವವರು ವಾಹನ ಬರುವ ಕಡೆ ಇರಲಿ, ಅಳುಕುವವರು ಮರೆಯಲ್ಲಿರಲಿ. ರಸ್ತೆ ಎರಡೂ ದಿಕ್ಕಿನದಾದರೆ ನಡುವೆ ಜಾಗ ಬದಲಾಯಿಸಲು ಹೋಗಬೇಡಿ. ಕೈ ಹಿಡಿದುಕೊಳ್ಳುವುದಾದರೆ ಏನೇ ಆದರೂ ಎಳೆಯಬಾರದು ಎಂಬ ಮಾತಾಗಿರಲಿ. ನನಗಂತೂ ನಮ್ಮವರ ಅಂಗಿಯ ತೋಳು ಹಿಡಿಯುವುದೇ ಅನುಕೂಲವಾಗಿತ್ತು. ಹಿಡಿತವೂ ಆಯಿತು, ಎಳೆದರೆ ಅಂಗಿ ಜಗ್ಗುತ್ತದೆಯೇ ಹೊರತು ಮನುಷ್ಯ ಅಲ್ಲ. ಸರೋವರದ ಉತ್ತರಕ್ಕಿರುವ ಕಾರಂಜಿ ವೃತ್ತವನ್ನು ಮೊದಲ ದಿನವೇ ದಾಟಲು ಹೋಗಬೇಡಿ. ಹಳೆಪೇಟೆಯ ಒಳಗಲ್ಲಿಗಳಲ್ಲಿ ಅಭ್ಯಾಸವಾದ ಮೇಲೆ ಅದು.

ಹಾರ್ನಿಗೆ ಬೆಚ್ಚಬೇಡಿ. ಅಲ್ಲಿ ಅದು ಬೈಗುಳವಲ್ಲ. ನಾನಿಲ್ಲಿ ಬರುತ್ತಿದ್ದೇನೆ ಎಂಬ ಸುದ್ದಿ ಅಷ್ಟೇ. ಇದು ತಲೆಗೆ ಹೋದ ದಿನದಿಂದ ನನ್ನ ಕಿವಿಯ ಸಂಕಟ ಅರ್ಧ ಇಳಿಯಿತು. ಕಾಲುದಾರಿಯ ಮೇಲೆ ಬೈಕು ಓಡಿಸುವುದು, ಕೆಂಪು ದೀಪ ದಾಟುವುದು ಇವಕ್ಕೆ 2025ರ ಜನವರಿ 1ರಿಂದ ದಂಡವನ್ನು ಭಾರಿಯಾಗಿ ಏರಿಸಲಾಗಿದೆ. ಒಂದನೇ ವರ್ತುಲ ರಸ್ತೆಯೊಳಗೆ 2026ರ ಜುಲೈ 1ರಿಂದ ಪೆಟ್ರೋಲ್ ಬೈಕುಗಳನ್ನು ನಿಲ್ಲಿಸುವಂತೆ 2025ರ ಜುಲೈನಲ್ಲಿ ಅಲ್ಲಿನ ಪ್ರಧಾನಿ ನಿರ್ದೇಶನವನ್ನೂ ಹೊರಡಿಸಿದರು. ಎಂಜಿನ್ನಿನ ಸದ್ದು ಹೋದರೂ ಹಾರ್ನ್ ಇದ್ದೇ ಇರುತ್ತದೆ ಎಂಬುದು ನಮ್ಮವರ ನಂಬಿಕೆ, ಆಸೆ ಕೂಡ.

ಹೆಜ್ಜೆ 6: ಓಡಾಟ, ಅದೂ ಬೇರೆ ಬೇರೆ

ಸ್ವಂತವಾಗಿ ಬೈಕು ಬಾಡಿಗೆಗೆ ಹಿಡಿಯಬೇಡಿ. ಭಾರತದಲ್ಲಿ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ದೇಶದೇಶಗಳ ನಡುವಿನ 1949ರ ರಸ್ತೆ ಸಂಚಾರ ಒಪ್ಪಂದದ್ದು, ವಿಯೆಟ್ನಾಂ ಮಾನ್ಯ ಮಾಡುವುದು 1968ರ ಒಪ್ಪಂದದ್ದನ್ನು. ಅಂಗಡಿಯವರು ಏನೂ ಕೇಳದೆ ಕೀಲಿ ಕೊಡುತ್ತಾರೆ, ನಿಜ. ಅಪಘಾತವಾದಾಗ ವಿಮೆಯವರು ಕೇಳುತ್ತಾರೆ.

ಆ್ಯಪ್ ಮೂಲಕ ಕರೆಯುವ ಬೈಕ್ ಟ್ಯಾಕ್ಸಿ ಅಗ್ಗ, ಚುರುಕು. ಆದರೆ ಹಿಂದೆ ಕೂರಲು ಒಬ್ಬರಿಗೆ ಮಾತ್ರ ಜಾಗ. ದಂಪತಿ ಎರಡು ಬೈಕು ಕರೆಯಬೇಕು, ಎರಡೂ ಬೇರೆ ಬೇರೆ ದಾರಿ ಹಿಡಿಯುತ್ತವೆ, ಒಬ್ಬರು ಮುಂಚೆ ತಲುಪುತ್ತಾರೆ. ಅದಕ್ಕೇ ಎರಡು ಸಿಮ್. ಇಳಿಯುವ ಸ್ಥಳವನ್ನು ಊರಿನ ಹೆಸರಿನಂತೆ ಹೇಳದೆ, ಇಂಥ ಅಂಗಡಿಯ ಬಾಗಿಲು, ಇಂಥ ಮಂದಿರದ ಮುಂಭಾಗ ಎಂದು ಗುರುತಿಸಿಕೊಂಡು ಹೊರಡಿ. ಗದ್ದಲ ಒಲ್ಲದವರಿಗೆ ಸಾನ್ ಎಸ್‌ಎಂ ಎಂಬ ವಿದ್ಯುತ್ ಟ್ಯಾಕ್ಸಿ ಇದೆ. ಕಿಟಕಿ ಏರಿಸಿದರೆ ಬೀದಿ ಮೂಕಚಿತ್ರವಾಗುತ್ತದೆ. ಸೈಕ್ಲೋ ಎಂಬ ಮುಂಭಾಗದಲ್ಲಿ ಆಸನವಿರುವ ಮೂರು ಗಾಲಿಯ ಸೈಕಲ್ ಹತ್ತುವ ಮುನ್ನ ದರ ಒಬ್ಬರಿಗೋ ಇಬ್ಬರಿಗೋ, ಗಂಟೆಗೋ ಸುತ್ತಿಗೋ ಎಂಬುದನ್ನು ಫೋನಿನಲ್ಲಿ ಅಂಕಿ ಬರೆದು ತೋರಿಸಿ ಒಪ್ಪಿಸಿಕೊಳ್ಳಿ.

ಇನ್ನು ದಿನಕ್ಕೆ ಎರಡು ಗಂಟೆ ಬೇರೆ ಬೇರೆಯಾಗಿ ಇರಿ. ಪ್ರವಾಸಕ್ಕೆ ಹೋಗಿ ಬೇರೆ ಇರುವುದೇ ಎಂದು ನಮ್ಮತ್ತೆ ಹುಬ್ಬೇರಿಸಿದ್ದರು. ಒಬ್ಬರಿಗೆ ಸಂತೆ ಬೇಕು, ಇನ್ನೊಬ್ಬರಿಗೆ ಬೇಡ ಎಂದಾದರೆ, ಒಟ್ಟಿಗೆ ಹೋಗಿ ಇಬ್ಬರೂ ಅರ್ಧ ಅರ್ಧ ಅನುಭವಿಸುವುದರಿಂದ ಯಾರಿಗೂ ಲಾಭವಿಲ್ಲ. ಡೊಂಗ್ ಸುವಾನ್ ಮಾರುಕಟ್ಟೆಯ ಸಗಟು ವ್ಯಾಪಾರದ ತಳ್ಳಾಟದಲ್ಲಿ ನಮ್ಮವರು ಬೆಳಗು ಕಳೆದರು. ಆ ಹೊತ್ತು ನಾನು ಪಕ್ಕದ ಬೀದಿಯ ಹಳೆಯ ಮನೆಯೊಂದರ ಅಂಗಳದಲ್ಲಿ ಕುಳಿತಿದ್ದೆ. ಮಧ್ಯಾಹ್ನ ಊಟಕ್ಕೆ ಕುಳಿತಾಗ ಇಬ್ಬರ ಬಳಿಯೂ ಹೇಳಲು ಮಾತಿತ್ತು.

ಹೆಜ್ಜೆ 7: ಊರಿನ ಗಡಿಯಾರಕ್ಕೆ ಹೊಂದಿಕೊಳ್ಳುವುದು

ಬೆಳಗಿನ ಐದೂವರೆಗೆ ಏಳಿ. ಹೋನ್ ಕಿಯೆಮ್ ಸರೋವರದ ಸುತ್ತ ಅಜ್ಜಿಯರು ಬೀಸಣಿಗೆ ಹಿಡಿದು ವ್ಯಾಯಾಮ ಮಾಡುತ್ತಿರುತ್ತಾರೆ, ಮುದುಕರು ಷಟಲ್ ಆಡುತ್ತಿರುತ್ತಾರೆ, ಮಧ್ಯವಯಸ್ಸಿನ ದಂಪತಿಗಳು ಪುಟ್ಟ ಸ್ಪೀಕರಿನ ಹಾಡಿಗೆ ಜೋಡಿನೃತ್ಯ ಮಾಡುತ್ತಿರುತ್ತಾರೆ. ಸದ್ದು ಇದೆ, ಆದರೆ ಎಂಜಿನ್ನಿನದಲ್ಲ. ಏಳು ಗಂಟೆಯ ಹೊತ್ತಿಗೆ ಶಾಲೆ, ಕಚೇರಿಯ ನೂಕುನುಗ್ಗಲು ಶುರು. ಆ ಹೊತ್ತಿನಲ್ಲಿ ಕೋಣೆಗೆ ಮರಳಿ ತಿಂಡಿ ಮುಗಿಸಿ.

ಒಂಬತ್ತರ ನಂತರ ಬೀದಿಗಳನ್ನು ಸುತ್ತಿ. ಹಾಂಗ್ ಥಿಯೆಕ್ ಬೀದಿಯನ್ನು ಬಿಡಬೇಡಿ, ಸದ್ದು ಸಹಿಸದವರೂ ಕೂಡ. ಅದು ತಗಡಿನವರ ಬೀದಿ. ಅಂಗಡಿಯ ಮುಂದೆ ಕಾಲುದಾರಿಯ ಮೇಲೆಯೇ ಕುಕ್ಕರಗಾಲಿನಲ್ಲಿ ಕುಳಿತು ಹಾಳೆಯನ್ನು ಕತ್ತರಿಸುತ್ತಾರೆ, ಕಬ್ಬಿಣದ ಕೊಳವೆಯ ಮೇಲಿಟ್ಟು ಬಾಗಿಸುತ್ತಾರೆ, ಅಂಚು ಮಡಚಿ ಮರದ ಸುತ್ತಿಗೆಯಿಂದ ಟಕಟಕನೆ ಬಡಿಯುತ್ತಾರೆ. ನೋಡನೋಡುತ್ತಿದ್ದಂತೆ ಹೊಗೆ ಕೊಳವೆಯೋ ಪೆಟ್ಟಿಗೆಯೋ ಆಗುತ್ತದೆ. ಹತ್ತು ಅಂಗಡಿಗಳ ಸುತ್ತಿಗೆ ಒಟ್ಟಿಗೆ ಬಿದ್ದರೂ ಅದು ಯಾಕೋ ಹಾರ್ನಿನಂತೆ ಚುಚ್ಚುವುದಿಲ್ಲ. ಆ ಸದ್ದು ಎಲ್ಲಿಂದ, ಯಾಕೆ ಬರುತ್ತಿದೆ ಎಂಬುದು ಕಣ್ಣಿಗೆ ಕಾಣುತ್ತದಲ್ಲ, ಅದಕ್ಕಿರಬೇಕು. ಅಲ್ಲಿಂದ ಕೆಲವು ನಿಮಿಷ ನಡೆದರೆ ಲಾನ್ ಓಂಗ್ ಬೀದಿ. ನಾರು ಬೇರು, ತೊಗಟೆ, ಒಣಹೂವಿನ ಮೂಟೆಗಳ ನಾಟಿ ಔಷಧಿ ಅಂಗಡಿಗಳು. ಅಲ್ಲಿ ಕಿವಿಗಿಂತ ಮೂಗಿಗೆ ಕೆಲಸ.

ಹನ್ನೆರಡರಿಂದ ಸುಮಾರು ಒಂದೂವರೆವರೆಗೆ ಊರು ಒಂದಿಷ್ಟು ಇಳಿಯುತ್ತದೆ. ಅಂಗಡಿಯವರು ಮಡಚುವ ಮಂಚ ಹಾಕಿ ಕಣ್ಣು ಮುಚ್ಚುತ್ತಾರೆ, ಬೈಕ್ ಟ್ಯಾಕ್ಸಿಯವರು ಬೈಕಿನ ಮೇಲೆಯೇ ಅಂಗಾತ ಮಲಗುತ್ತಾರೆ. ನೀವೂ ಮಲಗಿ. ಪ್ರವಾಸದ ದಿನ ವ್ಯರ್ಥವಾಯಿತು ಎಂದು ಈ ಹೊತ್ತಿನಲ್ಲಿ ಸುತ್ತುವವರೇ ಸಂಜೆ ಏಳಕ್ಕೆ ಸಿಡುಕುವುದು. ನಾಲ್ಕೂವರೆಯಿಂದ ಏಳರವರೆಗಿನ ದಟ್ಟಣೆಯಲ್ಲಿ ವಾಹನ ಹತ್ತಬೇಡಿ, ನಡೆಯಿರಿ ಇಲ್ಲವೇ ಎಲ್ಲಾದರೂ ಕುಳಿತಿರಿ. ಶುಕ್ರ, ಶನಿ, ಭಾನುವಾರಗಳ ರಾತ್ರಿ ಹಾಂಗ್ ದಾವೋ ಬೀದಿಯುದ್ದಕ್ಕೂ ಸಂತೆ ಕೂಡುತ್ತದೆ. ಸರಕು ಎಲ್ಲೆಡೆ ಸಿಗುವಂಥದ್ದೇ, ತಿಂಡಿ ಮಾತ್ರ ನೋಡಬೇಕಾದದ್ದು.

ಹೆಜ್ಜೆ 8: ಊಟ, ಅದರಲ್ಲೂ ಸಸ್ಯಾಹಾರಿಗಳಿಗೆ

ವಿಯೆಟ್ನಾಂ ಅಡುಗೆಯ ಉಪ್ಪು ಎಂದರೆ ಮೀನಿನಿಂದ ಮಾಡಿದ 'ನುವೊಕ್ ಮಾಮ್' ಎಂಬ ಸಾಸ್. ಸೊಪ್ಪಿನ ಪಲ್ಯದಲ್ಲೂ ಅದಿರುತ್ತದೆ. ಮಾಂಸ ಬೇಡ ಎಂದರೆ ಸಾಲದು. 'ತೋಯ್ ಆನ್ ಚಾಯ್', ಅಂದರೆ ನಾನು ಸಸ್ಯಾಹಾರಿ ಎಂಬುದನ್ನು ಫೋನಿನಲ್ಲಿ ಅವರ ಲಿಪಿಯಲ್ಲಿ ಬರೆದಿಟ್ಟುಕೊಂಡು ತೋರಿಸಿ. ಗದ್ದಲದಲ್ಲಿ ಉಚ್ಚಾರಣೆ ನೆಚ್ಚಿ ಕೂರುವಂತಿಲ್ಲ. ಅದಕ್ಕಿಂತ ಸುಲಭದ ದಾರಿ ಫಲಕದಲ್ಲಿ 'ಚಾಯ್' ಎಂದಿರುವ ಅಂಗಡಿಗೇ ಹೋಗುವುದು. ಇವು ಬೌದ್ಧ ಸಂಪ್ರದಾಯದ ಸಸ್ಯಾಹಾರಿ ಊಟದ ಮನೆಗಳು. ಕಟ್ಟುನಿಟ್ಟಿನ ಕಡೆ ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಳಸುವುದಿಲ್ಲ. ಬಡಿಸುವಾಗ ತಟ್ಟೆಯಲ್ಲಿ ಮೀನಿನ ಆಕಾರ, ಮಾಂಸದ ತುಂಡಿನ ಆಕಾರ ಕಂಡು ಗಾಬರಿಯಾಗಬೇಡಿ. ಸೋಯಾ ಮತ್ತು ಗೋಧಿಯ ಅಂಟಿನಿಂದ ಮಾಡಿದ್ದು ಅದು. ಚಾಂದ್ರಮಾನದ ಮೊದಲ ದಿನ ಮತ್ತು ಹದಿನೈದನೇ ದಿನ ಅಲ್ಲಿ ಅನೇಕರು ಮಾಂಸ ಬಿಡುವುದರಿಂದ ಆ ದಿನಗಳಲ್ಲಿ ಇಂಥ ಊಟ ಹೆಚ್ಚು ಕಡೆ ಸಿಗುತ್ತದೆ, ಜನವೂ ಹೆಚ್ಚು.

ಮಾಂಸಾಹಾರಿಗಳಿಗೆ ಫೋ (ಸಾರಿನಲ್ಲಿ ಅಕ್ಕಿ ಶಾವಿಗೆ), ಬುನ್ ಚಾ (ಸುಟ್ಟ ಹಂದಿಮಾಂಸದ ಜೊತೆ ಶಾವಿಗೆ), ಬಾನ್ ಮಿ (ಬ್ರೆಡ್ಡಿನ ಸ್ಯಾಂಡ್‌ವಿಚ್) ಎಲ್ಲ ಉಂಟು. ಅವುಗಳ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ಬೀದಿಬದಿಯ ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲಿನಲ್ಲಿ ಕೂರುವಾಗ ಒಂದೇ ಸೂತ್ರ: ಗದ್ದಲ ಬೇಡದವರು ಗೋಡೆಯ ಕಡೆ ಬೆನ್ನು ಮಾಡಿ ಕೂರಲಿ, ಬೇಕಾದವರು ಬೀದಿಯ ಕಡೆಗೆ.

ಮೊಟ್ಟೆ ತಿನ್ನುವವರು ಮೊಟ್ಟೆ ಕಾಫಿ ಕುಡಿಯಲೇಬೇಕು. 1946ರಲ್ಲಿ ಹಾಲಿನ ಅಭಾವವಿದ್ದಾಗ ಮೆಟ್ರೊಪೋಲ್ ಹೋಟೆಲಿನಲ್ಲಿ ಕೆಲಸಕ್ಕಿದ್ದ ನ್ಗುಯೆನ್ ವಾನ್ ಜಾಂಗ್ ಎಂಬುವರು ಇದನ್ನು ರೂಪಿಸಿದರು. ಅವರ ಕುಟುಂಬದ ಅಂಗಡಿ ನ್ಗುಯೆನ್ ಹುವ್ ಹುವಾನ್ ಬೀದಿಯಲ್ಲಿ ಈಗಲೂ ನಡೆಯುತ್ತಿದೆ. ಮೊಟ್ಟೆಯ ಹಳದಿಯನ್ನು ಸಿಹಿಹಾಲಿನ ಜೊತೆ ನೊರೆಯಾಗುವವರೆಗೆ ಕಡೆದು ಕಡು ಡಿಕಾಕ್ಷನ್ನಿನ ಮೇಲೆ ಕೂರಿಸುತ್ತಾರೆ. ಪುಟ್ಟ ಬಟ್ಟಲನ್ನು ಬಿಸಿನೀರಿನ ಇನ್ನೊಂದು ಬಟ್ಟಲೊಳಗೆ ಇಟ್ಟು ತರುತ್ತಾರೆ, ಆರದಿರಲಿ ಎಂದು. ಮೊದಲು ಚಮಚದಲ್ಲಿ ನೊರೆ ತಿನ್ನಿ, ಕೆಳಗೆ ಕಪ್ಪು ಕಹಿ ಸಿಕ್ಕಾಗ ಕಲಸಿ. ಮೊಟ್ಟೆ ವಾಸನೆ ಬರುವುದಿಲ್ಲವೇ ಎಂದು ಕೇಳುವವರಿಗೆ: ಬಿಸಿ ಇರುವಾಗ ಇಲ್ಲ, ಆರಿದರೆ ಹೌದು. ಮೊಟ್ಟೆ ಒಲ್ಲದವರಿಗೆ ತೆಂಗಿನಹಾಲಿನ ಕಾಫಿ ಇದೆ. ಅಲ್ಲಿನದು ರೊಬಸ್ಟಾ ಬೀಜ, ಕೊಡಗು-ಚಿಕ್ಕಮಗಳೂರಿನ ಅರೇಬಿಕಾ ಕುಡಿದ ನಾಲಿಗೆಗೆ ತುಸು ಒರಟು ಎನಿಸಬಹುದು. ನನಗೆ ಎರಡನೇ ದಿನಕ್ಕೇ ಒಗ್ಗಿತು.

ಹೆಜ್ಜೆ 9: ಸದ್ದಿಲ್ಲದ ಜಾಗಗಳು

ಹಳೆಪೇಟೆಯ ನಡುವೆಯೇ ಮಾ ಮೇ ಬೀದಿಯ 87ನೇ ಸಂಖ್ಯೆಯ ಮನೆ ಇದೆ. ದುರಸ್ತಿ ಮಾಡಿ ಸಾರ್ವಜನಿಕರಿಗೆ ತೆರೆದಿಟ್ಟ ಹಳೆಯ ಕೊಳವೆ ಮನೆ. ಮುಂದೆ ಅಂಗಡಿ, ಹಿಂದೆ ತೆರೆದ ಅಂಗಳ, ಅದರ ಹಿಂದೆ ಇನ್ನೊಂದು ಕಟ್ಟು. ಅಂಗಳಕ್ಕೆ ಕಾಲಿಟ್ಟರೆ ಬೀದಿಯ ಸದ್ದು ಬಾಗಿಲ ಹೊರಗೇ ಉಳಿಯುತ್ತದೆ. ಇಷ್ಟು ಗಲಾಟೆಯ ಬೀದಿಯಲ್ಲಿ ಜನ ತಲೆಮಾರುಗಳ ಕಾಲ ಹೇಗೆ ಬಾಳಿದರು ಎಂಬುದಕ್ಕೆ ಉತ್ತರ ಆ ಮನೆಯ ನಕ್ಷೆಯಲ್ಲೇ ಇದೆ.

ಸಾಹಿತ್ಯ ದೇಗುಲ ಎನ್ನಬಹುದಾದ 'ವಾನ್ ಮಿಯು' 1070ರಲ್ಲಿ ಕನ್ಫ್ಯೂಷಿಯಸ್ ಹೆಸರಿನಲ್ಲಿ ಕಟ್ಟಿದ್ದು. 1076ರಲ್ಲಿ ಅಲ್ಲಿ ರಾಜ ವಿದ್ಯಾಲಯ ಆರಂಭವಾಯಿತು. ಪರೀಕ್ಷೆಯಲ್ಲಿ ಗೆದ್ದ ವಿದ್ವಾಂಸರ ಹೆಸರು ಕೆತ್ತಿದ 82 ಶಿಲಾಫಲಕಗಳು ಕಲ್ಲಿನ ಆಮೆಗಳ ಬೆನ್ನ ಮೇಲೆ ನಿಂತಿವೆ. ಬಾಗಿಲು ತೆರೆದ ಕೂಡಲೇ ಹೋಗಿ, ಹತ್ತು ಗಂಟೆಯ ನಂತರ ಪ್ರವಾಸಿ ಬಸ್ಸುಗಳು ಬರುತ್ತವೆ.

ಊರಿನಲ್ಲೇ ಅತಿ ನಿಶ್ಶಬ್ದವಾದ ಜಾಗ ಹೋ ಚಿ ಮಿನ್ಹ್ ಸಮಾಧಿ ಭವನ. ಒಳಗೆ ಮಾತು, ಫೋಟೊ, ಜೇಬಿನಲ್ಲಿ ಕೈ ಯಾವುದೂ ನಡೆಯುವುದಿಲ್ಲ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಬೇಕು. ಬೆಳಗಿನ ಹೊತ್ತು ಮಾತ್ರ ತೆರೆದಿರುತ್ತದೆ, ಸೋಮವಾರ ಮತ್ತು ಶುಕ್ರವಾರ ರಜೆ. ಜೂನ್‌ನಿಂದ ಆಗಸ್ಟ್ ನಡುವೆ ನಿರ್ವಹಣೆಗಾಗಿ ಮುಚ್ಚುವುದೂ ಉಂಟು, ನೋಡಿಕೊಂಡು ಹೊರಡಿ.

ಲಾಂಗ್ ಬಿಯೆನ್ ಸೇತುವೆ ಶಾಂತ ಎನ್ನಲಾರೆ, ಆದರೆ ನನಗೆ ಊರಿನಲ್ಲಿ ಅತಿ ಹಿಡಿಸಿದ್ದು ಅದೇ. 1899ರಿಂದ 1902ರವರೆಗೆ ಫ್ರೆಂಚರು ಕೆಂಪು ನದಿಗೆ ಅಡ್ಡಲಾಗಿ ಕಟ್ಟಿದ, ಒಂದೂವರೆ ಕಿಲೋಮೀಟರಿಗೂ ಉದ್ದದ ಉಕ್ಕಿನ ಸೇತುವೆ. ಅಮೆರಿಕದ ಬಾಂಬುಗಳು ಹಲವು ಸಲ ಮುರಿದವು, ಮತ್ತೆ ಜೋಡಿಸಿದರು. ನಡುವೆ ರೈಲು ಹಳಿ, ಎರಡೂ ಬದಿ ಬೈಕು, ಅಂಚಿಗೆ ನಡೆಯಲು ಕಾಂಕ್ರೀಟು ಹಲಗೆ. ಇಡೀ ದೇಶ ಬಲಗಡೆ ಓಡಿದರೆ ಈ ಸೇತುವೆಯ ಮೇಲೆ ಮಾತ್ರ ವಾಹನಗಳು ನಮ್ಮಂತೆ ಎಡಗಡೆ. ಸಂಜೆ ಐದರ ಹೊತ್ತಿಗೆ ಹೋದರೆ ಕೆಳಗೆ ನದಿ ನಡುಗಡ್ಡೆಯ ಬಾಳೆ ತೋಟ, ಜೋಳದ ಹೊಲ ಕಾಣುತ್ತವೆ. ಕೆಳಗೆ ನೋಡಿದರೆ ತಲೆಸುತ್ತು ಬರುವವರು ಮೊದಲ ಕಂಬಗಳವರೆಗೆ ಹೋಗಿ ಹಿಂತಿರುಗಿ.

ಹೆಜ್ಜೆ 10: ಬಿಡಬಹುದಾದದ್ದು, ಎಚ್ಚರ ವಹಿಸಬೇಕಾದದ್ದು

ಮನೆಗಳ ಅಂಗುಲ ಅಂತರದಲ್ಲಿ ರೈಲು ಹಾದುಹೋಗುವ 'ಟ್ರೇನ್ ಸ್ಟ್ರೀಟ್' ಬಗ್ಗೆ ಎಲ್ಲರೂ ಹೇಳುತ್ತಾರೆ. 2019ರಲ್ಲೂ 2022ರಲ್ಲೂ ಅಧಿಕಾರಿಗಳು ಅಲ್ಲಿನ ಕಾಫಿ ಅಂಗಡಿಗಳನ್ನು ಮುಚ್ಚಿಸಿದ್ದರು, ತಡೆಗೋಡೆ ಹಾಕಿದ್ದರು. ಆದರೂ ಅಂಗಡಿಯವರು ಒಳಗೆ ಕರೆದೊಯ್ಯುವುದು ನಿಂತಿಲ್ಲ. ಫೋಟೊಗಾಗಿ ಹಳಿಯ ಮೇಲೆ ನಿಲ್ಲುವ ಜೋಡಿಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ. ರೈಲು ನೋಡುವ ಆಸೆಯಿದ್ದರೆ ಲಾಂಗ್ ಬಿಯೆನ್ ಸೇತುವೆ ಸಾಕು. ಬದಲಿಗೆ ಸರೋವರದ ಪಕ್ಕದ ಥಾಂಗ್ ಲಾಂಗ್ ರಂಗಮಂದಿರದಲ್ಲಿ ಜಲಬೊಂಬೆಯಾಟ ನೋಡಿ. ಪರದೆಯ ಹಿಂದೆ ಸೊಂಟದುದ್ದ ನೀರಿನಲ್ಲಿ ನಿಂತು ಬೊಂಬೆ ಆಡಿಸುವ ಈ ಕಲೆ ಕೆಂಪು ನದಿಯ ಭತ್ತದ ಗದ್ದೆಗಳಲ್ಲಿ ಹುಟ್ಟಿದ್ದು. ಮುಂದಿನ ಸಾಲಿಗೆ ಟಿಕೆಟ್ ಹಿಂದಿನ ದಿನವೇ ತೆಗೆದುಕೊಳ್ಳಿ.

ಬೀದಿಯಲ್ಲಿ ಒಬ್ಬ ನಿಮ್ಮ ಚಪ್ಪಲಿ ಕಿತ್ತುಹೋಗಿದೆ ಎಂದು ಬಗ್ಗಿ ಅಂಟು ಸವರಿಯೇಬಿಡುತ್ತಾನೆ, ಆಮೇಲೆ ಲಕ್ಷ ಲಕ್ಷ ಡಾಂಗ್ ಕೇಳುತ್ತಾನೆ. ಹಣ್ಣಿನ ಅಡ್ಡೆ ಹೊತ್ತವಳು ನಿಮ್ಮ ಹೆಗಲಿಗೇರಿಸಿ ಫೋಟೊ ತೆಗೆಯಿರಿ ಎನ್ನುತ್ತಾಳೆ. ಆಮೇಲೆ ಹಣ್ಣು ಕೊಳ್ಳಲೇಬೇಕು, ದುಪ್ಪಟ್ಟು ಬೆಲೆಗೆ. ಇಬ್ಬರಲ್ಲಿ ಸಂಕೋಚದ ಸ್ವಭಾವ ಯಾರದೋ ಅವರು ಬೀದಿಯ ಒಳಬದಿಯಲ್ಲಿ ನಡೆಯಲಿ. ನಕ್ಷೆ ನೋಡಲು ಫೋನು ತೆಗೆಯುವಾಗ ರಸ್ತೆಯಂಚಿನಿಂದ ಎರಡು ಹೆಜ್ಜೆ ಒಳಗೆ ನಿಲ್ಲಿ. 2025ರ ಜುಲೈ 1ರಿಂದ ವಿಯೆಟ್ನಾಂನಲ್ಲಿ ಜಿಲ್ಲಾ ಮಟ್ಟದ ಆಡಳಿತವೇ ರದ್ದಾಗಿರುವುದರಿಂದ ಹಳೆಯ ಪುಸ್ತಕಗಳ ವಿಳಾಸದಲ್ಲಿರುವ ಜಿಲ್ಲೆಯ ಹೆಸರು ನಂಬಿ ಹುಡುಕಬೇಡಿ. ಬೀದಿಯ ಹೆಸರು, ಮನೆ ಸಂಖ್ಯೆ ಸಾಕು.

ಹೊರಡುವ ದಿನ ವಾರಾಂತ್ಯವಾಗಿದ್ದರೆ ಟ್ಯಾಕ್ಸಿಯನ್ನು ಎಲ್ಲಿಗೆ ಕರೆಸಬೇಕೆಂದು ಹೋಟೆಲಿನವರನ್ನು ಹಿಂದಿನ ರಾತ್ರಿಯೇ ಕೇಳಿಟ್ಟುಕೊಳ್ಳಿ. ಹತ್ತು ನಿಮಿಷ ನಡೆಯುವುದಿದ್ದರೆ ಅದನ್ನೂ ಲೆಕ್ಕಕ್ಕೆ ಸೇರಿಸಿ. ಉಳಿದ ಡಾಂಗ್ ನೋಟುಗಳನ್ನು ನಮ್ಮೂರಿನಲ್ಲಿ ಬದಲಾಯಿಸುವುದು ಕಷ್ಟ. ದೊಡ್ಡ ನೋಟನ್ನು ವಿಮಾನ ನಿಲ್ದಾಣದ ವಿನಿಮಯ ಕೌಂಟರಿನಲ್ಲಿ ಡಾಲರಿಗೆ ಬದಲಾಯಿಸಿ, ಚಿಲ್ಲರೆಗೆ ಕಾಫಿಪುಡಿ ಕೊಳ್ಳಿ.